ಚಂದ್ರನ ಮೇಲಿನ ನೆರಳು: ಕಲೆ, ವಿಜ್ಞಾನ, ತತ್ತ್ವಶಾಸ್ತ್ರ ನಿಜವಾಗಿ ಕೂಡುವುದು ಎಲ್ಲಿ?

1609ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಒಂದು ಚಿತ್ರ ಬರೆದ. ಆರು ಪಟ್ಟು ಹಿಗ್ಗಿಸಿ ತೋರಿಸುವ ದೂರದರ್ಶಕ ಅದು. ಚಿತ್ರದಲ್ಲಿ ಬೆಳಕಿಗೂ ಕತ್ತಲಿಗೂ ನಡುವೆ ಒಂದು ಅಂಕುಡೊಂಕು ಗೆರೆ, ಅಲ್ಲಲ್ಲಿ ಕಪ್ಪು ಮಚ್ಚೆ. ಬೆಟ್ಟವಿಲ್ಲ, ಕುಳಿಯಿಲ್ಲ. ಹ್ಯಾರಿಯಟ್ ಸಾಮಾನ್ಯನಲ್ಲ, ತನ್ನ ಕಾಲದ ದೊಡ್ಡ ಗಣಿತಜ್ಞರಲ್ಲಿ ಒಬ್ಬ. ಗೆರೆ ಡೊಂಕಾಗಿದೆ ಎಂಬುದನ್ನು ಅವನ ಕಣ್ಣು ಹಿಡಿದಿತ್ತು. ಏಕೆ ಡೊಂಕು ಎಂಬುದು ಮಾತ್ರ ಹೊಳೆಯಲಿಲ್ಲ.

ಅದೇ ವರ್ಷದ ಕೊನೆಗೆ ಪಾದುವಾದಲ್ಲಿ ಗೆಲಿಲಿಯೊ 20 ಪಟ್ಟು ಹಿಗ್ಗಿಸುವ ದೂರದರ್ಶಕ ಹಿಡಿದು ಅದೇ ಗೆರೆಯನ್ನು ನೋಡಿದ. ಗೆರೆಯ ಆಚೆ, ಕತ್ತಲ ಭಾಗದ ಒಳಗೆ, ಬೆಳಕಿನ ಚುಕ್ಕಿಗಳಿದ್ದವು. ಗಂಟೆಗಳು ಸರಿದಂತೆ ಅವು ದೊಡ್ಡವಾಗಿ ಬೆಳಗಿದ ಭಾಗದೊಂದಿಗೆ ಬೆರೆತುಹೋದವು. ಅವನು ಅದನ್ನು ಬೆಟ್ಟದ ನೆತ್ತಿಗೆ ಮೊದಲು ತಾಗುವ ಎಳೆಬಿಸಿಲು ಎಂದು ಓದಿದ. ದೂರದರ್ಶಕ ಉತ್ತಮವಾಗಿತ್ತು, ನಿಜ. ಆದರೆ ಅವನ ಕಣ್ಣಿಗೆ ಬೇರೊಂದು ಶಿಕ್ಷಣವೂ ಆಗಿತ್ತು. ನೆರಳು-ಬೆಳಕಿನಿಂದ ಉಬ್ಬುತಗ್ಗುಗಳನ್ನು ಹಾಳೆಯ ಮೇಲೆ ಮೂಡಿಸುವ ವಿದ್ಯೆ ಬೆಳೆದ ಫ್ಲಾರೆನ್ಸ್ ನಗರದ ಸಂಸ್ಕಾರ ಅವನದು. 1613ರಲ್ಲಿ ಆ ನಗರದ ಚಿತ್ರಕಲಾ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

ನೆರಳನ್ನು ಓದಿ ಅವನು ಸುಮ್ಮನಾಗಲಿಲ್ಲ, ಅಳೆದ. ಚಂದ್ರನ ವ್ಯಾಸ 2,000 ಇಟಾಲಿಯನ್ ಮೈಲಿ ಎಂದು ಹಿಡಿದರೆ ತ್ರಿಜ್ಯ 1,000. ಬೆಳಕಿನ ಚುಕ್ಕಿ ಗಡಿಗೆರೆಯಿಂದ ವ್ಯಾಸದ ಇಪ್ಪತ್ತರಲ್ಲೊಂದು ಪಾಲು, ಅಂದರೆ 100 ಮೈಲಿ ದೂರದಲ್ಲಿದೆ. ಸೂರ್ಯನ ಕಿರಣ ಗಡಿಯಲ್ಲಿ ಚಂದ್ರನನ್ನು ಸವರಿಕೊಂಡು ನೇರವಾಗಿ ಬೆಟ್ಟದ ತುದಿಗೆ ಹೋಗುವುದರಿಂದ ಅಲ್ಲೊಂದು ಲಂಬಕೋನ ತ್ರಿಭುಜ ಏರ್ಪಡುತ್ತದೆ. 1,000ರ ವರ್ಗಕ್ಕೆ 100ರ ವರ್ಗ ಕೂಡಿಸಿದರೆ 10,10,000. ಅದರ ವರ್ಗಮೂಲ 1,005ಕ್ಕೆ ಕೂದಲೆಳೆಯಷ್ಟು ಕಡಿಮೆ. ಅದರಿಂದ ತ್ರಿಜ್ಯ ಕಳೆದರೆ ಬೆಟ್ಟದ ಎತ್ತರ. ನಾಲ್ಕು ಮೈಲಿಗಿಂತ ಹೆಚ್ಚು ಎಂದು ಅವನು ಎಚ್ಚರದಿಂದ ಬರೆದ. 1610ರ ಮಾರ್ಚ್‌ನಲ್ಲಿ ಇದು ಅಚ್ಚಾಯಿತು. ಅದಾದ ಮೇಲೆ ಹ್ಯಾರಿಯಟ್ ಬರೆದ ಚಂದ್ರನಲ್ಲಿ ಕುಳಿಗಳು ಕಾಣಿಸಿಕೊಂಡವು.

ಇಷ್ಟಕ್ಕೆ ಜಗಳ ಮುಗಿಯಲಿಲ್ಲ. ಆಕಾಶಕಾಯಗಳು ಕಳಂಕವಿಲ್ಲದ ಪೂರ್ಣ ಗೋಳಗಳು ಎಂಬುದು ಅರಿಸ್ಟಾಟಲ್‌ನಿಂದ ಬಂದ ತತ್ತ್ವ. ಹಿರಿಯ ಗಣಿತಜ್ಞ ಕ್ಲಾವಿಯಸ್, ಮೇಲ್ಮೈ ನುಣುಪಾಗಿಯೇ ಇದೆ, ಒಳಗಿನ ಸಾಂದ್ರತೆ ಮಾತ್ರ ಕಡೆಯಿಂದ ಕಡೆಗೆ ಬೇರೆ ಇರಬಹುದು ಎಂದ. ಇನ್ನೊಬ್ಬ ವಿದ್ವಾಂಸ, ಬೆಟ್ಟಗಳ ಸಂದಿಗಳನ್ನೆಲ್ಲ ಕಾಣದ ಸ್ಫಟಿಕವೊಂದು ತುಂಬಿ ಗೋಳವನ್ನು ಪೂರ್ಣ ಮಾಡಿದೆ ಎಂದ. ಹಾಗಾದರೆ ಆ ಕಾಣದ ಸ್ಫಟಿಕದಲ್ಲೇ ಇನ್ನೂ ಎಷ್ಟೋ ಪಟ್ಟು ಎತ್ತರದ ಬೆಟ್ಟಗಳಿವೆ ಎಂದು ನಾನು ಹೇಳಿದರೆ ಅಲ್ಲಗಳೆಯುವುದು ಹೇಗೆ ಎಂಬ ಧಾಟಿಯಲ್ಲಿ ಗೆಲಿಲಿಯೊ ಉತ್ತರಿಸಿದ. ಈ ಮಾತು ಖಗೋಳವೂ ಅಲ್ಲ, ಚಿತ್ರಕಲೆಯೂ ಅಲ್ಲ. ಯಾವ ಬಗೆಯ ವಿವರಣೆಯನ್ನು ವಿವರಣೆ ಎಂದು ಒಪ್ಪಬೇಕು ಎಂಬ ತತ್ತ್ವಶಾಸ್ತ್ರದ ಮಾತು. ಅವನ ಗೆಳೆಯ, ಚಿತ್ರಕಾರ ಚಿಗೋಲಿ, ರೋಮಿನ ಸಾಂತಾ ಮಾರಿಯಾ ಮಜೋರೆ ಚರ್ಚಿನಲ್ಲಿ 1612ರ ಹೊತ್ತಿಗೆ ಮುಗಿಸಿದ ಭಿತ್ತಿಚಿತ್ರದಲ್ಲಿ ಮೇರಿಯ ಕಾಲಡಿಗೆ ಕುಳಿಬಿದ್ದ ಚಂದ್ರನನ್ನೇ ಬರೆದ. ಗೆಲಿಲಿಯೊಗೆ ಬರೆದ ಕಾಗದದಲ್ಲಿ ಅವನು, ಚಿತ್ರ ಬಾರದ ಗಣಿತಜ್ಞ ಎಷ್ಟೇ ದೊಡ್ಡವನಾದರೂ ಅರ್ಧ ಗಣಿತಜ್ಞ, ಅಷ್ಟೇ ಅಲ್ಲ ಕಣ್ಣಿಲ್ಲದವನು ಎಂದಿದ್ದ. ಅದು ಕ್ಲಾವಿಯಸ್‌ನನ್ನು ಕುರಿತ ಮಾತು.

ಇವತ್ತು ಸಮನ್ವಯ, ಅಂತರಶಿಸ್ತು, ಬಹುಶಿಸ್ತು ಎಂಬ ಪದಗಳು ಪಠ್ಯಕ್ರಮಗಳಲ್ಲಿ, ಅನುದಾನದ ಅರ್ಜಿಗಳಲ್ಲಿ, ಪ್ರದರ್ಶನಗಳ ಕರಪತ್ರಗಳಲ್ಲಿ ಧಾರಾಳವಾಗಿ ಓಡಾಡುತ್ತಿವೆ. ಅದರ ಮೇಲೆ ಈಗ ಭಾಷಾ ಮಾದರಿಗಳು, ಅಂದರೆ ಕೇಳಿದ್ದನ್ನು ಬರೆದುಕೊಡುವ ಕಂಪ್ಯೂಟರ್ ತಂತ್ರಾಂಶಗಳು, ಬಂದಿವೆ. ಕ್ವಾಂಟಂ ಭೌತವಿಜ್ಞಾನ, ಅದ್ವೈತ, ಅಮೂರ್ತ ಚಿತ್ರಕಲೆ ಮೂರನ್ನೂ ಸೇರಿಸಿ ಒಂದು ಪ್ಯಾರಾ ಕೊಡು ಎಂದರೆ ಕ್ಷಣಮಾತ್ರದಲ್ಲಿ ನಯವಾದ ಪ್ಯಾರಾ ಸಿಗುತ್ತದೆ. ವಾಕ್ಯಗಳ ಮಟ್ಟದ ಸಮನ್ವಯಕ್ಕೆ ಈಗ ಯಾವ ಶ್ರಮವೂ ಬೇಕಿಲ್ಲ. ಆದ್ದರಿಂದಲೇ ನಿಜವಾಗಿ ಬೆಸೆದದ್ದು ಯಾವುದು, ಪಕ್ಕಪಕ್ಕ ಜೋಡಿಸಿಟ್ಟದ್ದು ಯಾವುದು ಎಂದು ಗುರುತಿಸುವ ಕೆಲಸ ಹಿಂದಿಗಿಂತ ಈಗ ಹೆಚ್ಚು ಬೇಕಾಗಿದೆ.

ಚಂದ್ರನ ಪ್ರಸಂಗದಿಂದ ಒಂದು ಒರೆಗಲ್ಲು ಸಿಗುತ್ತದೆ. ಮೂರೂ ಶಿಸ್ತುಗಳ ಮುಂದೆ ಇದ್ದದ್ದು ಒಂದೇ ವಸ್ತು: ಆ ಗಡಿಗೆರೆ. ಪ್ರತಿ ಶಿಸ್ತಿಗೂ ಇನ್ನೊಂದನ್ನು ‘ಇದು ತಪ್ಪು’ ಎಂದು ತಡೆಯುವ ಹಕ್ಕಿತ್ತು. ನೆರಳು ಬಲ್ಲ ಕಣ್ಣು ನುಣುಪು ಗೋಳವನ್ನು ತಡೆಯಿತು. ಅಳತೆ ಕಣ್ಣಿನ ಊಹೆಯನ್ನು ಪರೀಕ್ಷೆಗೆ ಒಡ್ಡಿತು. ಯಾವ ಪರೀಕ್ಷೆಗೂ ಸಿಗದಂಥ ಊಹೆ ಬೇಡ ಎಂದು ತತ್ತ್ವವಿಚಾರ ಸ್ಫಟಿಕವನ್ನು ಹೊರಗಿಟ್ಟಿತು. ಈ ತಡೆಯುವ ಹಕ್ಕು ಇಲ್ಲದ ಕಡೆ ಸಮನ್ವಯವಿಲ್ಲ ಎಂಬುದು ಈ ಲೇಖನದ ವಾದ.

ಇಲ್ಲಿ ಸ್ವಲ್ಪ ಇತಿಹಾಸ. ಈ ಬೇಲಿಗಳು ನಾವು ತಿಳಿದಷ್ಟು ಹಳೆಯವಲ್ಲ. ‘ಸೈಂಟಿಸ್ಟ್’ ಎಂಬ ಇಂಗ್ಲಿಷ್ ಪದ ಅಚ್ಚಿನಲ್ಲಿ ಕಾಣಿಸಿಕೊಂಡದ್ದೇ 1834ರಲ್ಲಿ. ಇಂಗ್ಲೆಂಡಿನ ವಿದ್ವಾಂಸ ವಿಲಿಯಂ ಹ್ಯೂಯೆಲ್ ಅದನ್ನು ‘ಆರ್ಟಿಸ್ಟ್’ ಎಂಬ ಪದದ ಜಾಡಿನಲ್ಲಿ ಕಟ್ಟಿದ. 1840ರಲ್ಲಿ ಅವನೇ ‘ಕನ್ಸಿಲಿಯೆನ್ಸ್’ ಎಂಬ ಪದವನ್ನೂ ಕೊಟ್ಟ: ಬೇರೆ ಬೇರೆ ದಿಕ್ಕಿನಿಂದ ಹೊರಟ ಸಾಕ್ಷ್ಯಗಳು ಒಂದೇ ತೀರ್ಮಾನದಲ್ಲಿ ಬಂದು ಕೂಡುವುದು ಎಂದರ್ಥ. 1959ರಲ್ಲಿ ಸಿ.ಪಿ. ಸ್ನೋ ಕೇಂಬ್ರಿಜ್‌ನ ಉಪನ್ಯಾಸದಲ್ಲಿ ಸಾಹಿತ್ಯದವರೂ ವಿಜ್ಞಾನದವರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದ ಎರಡು ಸಂಸ್ಕೃತಿಗಳಾಗಿದ್ದಾರೆ ಎಂದು ದೂರಿದರು. 1998ರಲ್ಲಿ ಜೀವವಿಜ್ಞಾನಿ ಇ.ಓ. ವಿಲ್ಸನ್ ಹ್ಯೂಯೆಲನ ಪದವನ್ನೇ ಹಿಡಿದು ಎಲ್ಲ ಜ್ಞಾನವನ್ನೂ ಒಂದೇ ನೂಲಿನಲ್ಲಿ ಪೋಣಿಸಲು ಹೊರಟರು. ಅವರ ಉತ್ಸಾಹ ದೊಡ್ಡದು. ಆದರೆ ಆ ನೂಲಿನ ತುದಿ ಕೊನೆಗೂ ಭೌತ ನಿಯಮಗಳ ಕೈಯಲ್ಲೇ ಉಳಿಯುತ್ತದೆ. ಕಲೆ ಅಲ್ಲಿ ವಿವರಿಸಿಕೊಳ್ಳುವ ವಸ್ತು. ತಿರುಗಿ ಮಾತಾಡುವ ಹಕ್ಕು ಅದಕ್ಕಿಲ್ಲ. ಒಬ್ಬರೇ ಮಾತಾಡುವ ಸಭೆಯನ್ನು ಸಮನ್ವಯ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಇನ್ನು ಎಲ್ಲಿ ಎಡವುತ್ತೇವೆ ಎಂಬುದು. ಮೊದಲ ಗುಂಡಿ ಪದಗಳದು, ಕನ್ನಡದಲ್ಲಿ ಅದು ಇನ್ನೂ ಆಳ. ‘ವರ್ಣ’ ಚಿತ್ರಕಾರನಿಗೆ ಬಣ್ಣ, ವ್ಯಾಕರಣಕಾರನಿಗೆ ಅಕ್ಷರದ ಧ್ವನಿ. ‘ರಸ’ ಕಾವ್ಯಮೀಮಾಂಸೆಯಲ್ಲಿ ಆಸ್ವಾದ, ರಸವಿದ್ಯೆಯಲ್ಲಿ ಪಾದರಸ. ‘ಶಬ್ದ’ ಭೌತವಿಜ್ಞಾನದಲ್ಲಿ ಗಾಳಿಯ ಒತ್ತಡದ ಏರಿಳಿತ, ಮೀಮಾಂಸಕರಲ್ಲಿ ಒಂದು ಪ್ರಮಾಣ, ಅಂದರೆ ಅರಿವು ಪಡೆಯುವ ಸಾಧನ. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ‘ಶಕ್ತಿ’. ಭೌತವಿಜ್ಞಾನದ ಶಕ್ತಿಗೆ ಜೂಲ್ ಎಂಬ ಏಕಮಾನವಿದೆ. ಒಂದು ಕಡೆ ಕಡಿಮೆಯಾದದ್ದು ಇನ್ನೊಂದು ಕಡೆ ಅಷ್ಟೇ ಹೆಚ್ಚಬೇಕು ಎಂಬ ಜಮಾಖರ್ಚಿದೆ. ದರ್ಶನಗಳ ಶಕ್ತಿಗೆ ಅಂಥ ಲೆಕ್ಕವಿಲ್ಲ, ಅದು ಅದರ ಕೊರತೆಯೂ ಅಲ್ಲ. ಅದು ಕೇಳುವ ಪ್ರಶ್ನೆಯೇ ಬೇರೆ. ಪದ ಒಂದೇ ಎಂಬ ಕಾರಣಕ್ಕೆ ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದರೆ ಕೇಳಲು ಗಂಭೀರವಾಗಿರುತ್ತದೆ, ಆದರೆ ಎರಡು ವಿದ್ಯೆಗಳಿಗೂ ಅದರಿಂದ ಒಂದು ಕಾಳಿನಷ್ಟೂ ಲಾಭವಿಲ್ಲ. ಸುಲಭವಾದ ಪರೀಕ್ಷೆ ಒಂದಿದೆ. ಪದವನ್ನು ತೆಗೆದು ಅದರ ಜಾಗದಲ್ಲಿ ಅದರ ವಿವರಣೆಯನ್ನೇ ಪೂರ್ತಿ ಬರೆಯಿರಿ. ವಾಕ್ಯ ನಿಂತರೆ ಸಂಬಂಧ ನಿಜ. ಕುಸಿದರೆ ಅದು ಬರೀ ಶ್ಲೇಷೆ.

ಈ ಗುಂಡಿಗೆ ಸಣ್ಣವರಷ್ಟೇ ಬಿದ್ದಿಲ್ಲ. ಕಾಮನಬಿಲ್ಲಿಗೆ ಏಳು ಬಣ್ಣ ಎಂದು ನಾವೆಲ್ಲ ಓದಿದ್ದೇವೆ. ಪಟ್ಟಕದಿಂದ ಹೊರಬರುವ ಪಟ್ಟಿಯಲ್ಲಿ ಬಣ್ಣಗಳ ನಡುವೆ ಗೆರೆಯೇ ಇಲ್ಲ, ಒಂದು ಇನ್ನೊಂದಕ್ಕೆ ಜಾರುತ್ತದೆ. ನ್ಯೂಟನ್ ಮೊದಲು ಎಣಿಸಿದ ಮುಖ್ಯ ಬಣ್ಣಗಳು ಐದು. ಆಮೇಲೆ ಕಿತ್ತಳೆಯನ್ನೂ ಕಡುನೀಲಿಯನ್ನೂ ಸೇರಿಸಿ ಏಳು ಮಾಡಿದ, ಸಂಗೀತದ ಏಳು ಸ್ವರಗಳ ಅಂತರಕ್ಕೆ ಹೊಂದಲಿ ಎಂದು. ಸ್ವರದ್ದು ಕಿವಿ ಗುರುತಿಸುವ ಅನುಪಾತ. ಬಣ್ಣದ ಪಟ್ಟಿಯ ಅಗಲಕ್ಕೆ ಅಂಥ ಅನುಪಾತವಿಲ್ಲ. ಬಿಳಿ ಬೆಳಕು ಬಣ್ಣಗಳ ಮಿಶ್ರಣ ಎಂದು ಪ್ರಯೋಗದಿಂದ ತೋರಿಸಿದ ಅದೇ ಮನುಷ್ಯ, ಸಾಮ್ಯದ ಸೊಬಗಿಗೆ ಮನಸೋತಲ್ಲಿ ಪ್ರಯೋಗವನ್ನು ಕೇಳಲಿಲ್ಲ.

ಸುವರ್ಣಾನುಪಾತದ ಕಥೆಯೂ ಇದೇ ಜಾತಿಯದು, ಆದರೆ ಅದಕ್ಕೆ ಇನ್ನೊಂದು ಮಗ್ಗುಲಿದೆ. 1.618 ಎಂಬ ಸಂಖ್ಯೆ ಗ್ರೀಕ್ ದೇಗುಲಗಳಲ್ಲಿದೆ, ಸುಂದರ ಮುಖಗಳಲ್ಲಿದೆ, ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪಿನಲ್ಲಿದೆ ಎಂದು ಚಿತ್ರಸಮೇತ ಹಂಚಲಾಗುತ್ತದೆ. ದೇಗುಲದ ವಿಷಯದಲ್ಲಿ, ಅಳತೆಪಟ್ಟಿಯನ್ನು ಯಾವ ಮೆಟ್ಟಿಲಿನಿಂದ ಹಿಡಿದು ಯಾವ ಅಂಚಿನವರೆಗೆ ಎಳೆಯುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಗೆರೆಯ ದಪ್ಪವನ್ನೇ ತುಸು ಹೆಚ್ಚಿಸಿದರೂ ಬೇಕಾದ ಸಂಖ್ಯೆ ಬರುತ್ತದೆ. ಚಿಪ್ಪಿನ ವಿಷಯ ನೇರವಾಗಿಯೇ ತಪ್ಪು. ಆ ಸಂಖ್ಯೆಯ ಪ್ರಕಾರ ಬೆಳೆಯುವ ಸುವರ್ಣ ಸುರುಳಿ ಒಂದು ಪೂರ್ತಿ ಸುತ್ತಿಗೆ 6.85 ಪಟ್ಟು ಅಗಲಿಸಬೇಕು. ನಾಟಿಲಸ್ ಅಗಲಿಸುವುದು ಸುಮಾರು ಮೂರು ಪಟ್ಟು.

ಹಾಗೆಂದು ಆ ಸಂಖ್ಯೆಯನ್ನೇ ಎಸೆಯುವಂತಿಲ್ಲ. ಸೂರ್ಯಕಾಂತಿಯ ತಟ್ಟೆಯಲ್ಲಿ ಬೀಜಗಳ ಸುರುಳಿಗಳನ್ನು ಎಣಿಸಿದರೆ ಒಂದು ದಿಕ್ಕಿಗೆ 34, ಇನ್ನೊಂದು ದಿಕ್ಕಿಗೆ 55, ಅಥವಾ 55 ಮತ್ತು 89 ಬರುವುದು ಸಾಮಾನ್ಯ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಎರಡು ಕಡೆಯೂ ಸುಮಾರು 1.618. ಒಂದರ ನಂತರ ಹುಟ್ಟುವ ಇನ್ನೊಂದು ಮೊಗ್ಗಿನ ನಡುವಣ ಕೋನ 137.5 ಡಿಗ್ರಿಯ ಆಸುಪಾಸು. ಇದು ಚಿತ್ರದ ಮೇಲೆ ಸುರುಳಿ ಅಂಟಿಸಿದ ಕೆಲಸವಲ್ಲ, ಇದಕ್ಕೆ ಕಾರಣ ಗೊತ್ತಿದೆ. 1992ರಲ್ಲಿ ದುವಾದಿ ಮತ್ತು ಕುದೆ ಎಂಬ ಫ್ರೆಂಚ್ ಭೌತವಿಜ್ಞಾನಿಗಳು ಎಣ್ಣೆ ತುಂಬಿದ ತಟ್ಟೆಯ ನಡುವೆ ಕಾಂತೀಯ ದ್ರವದ ಹನಿಗಳನ್ನು ಒಂದೇ ಸಮ ಬಿಡುವಿನಲ್ಲಿ ಬೀಳಿಸಿದರು. ಹನಿಗಳು ಒಂದನ್ನೊಂದು ದೂಡುತ್ತವೆ, ಜೊತೆಗೆ ಕಾಂತಕ್ಷೇತ್ರ ಅವನ್ನು ಅಂಚಿನತ್ತ ಸೆಳೆಯುತ್ತದೆ. ಬಿಡುವನ್ನು ಕಡಿಮೆ ಮಾಡುತ್ತ ಹೋದಂತೆ ಹನಿಗಳ ನಡುವಿನ ಕೋನ ತಾನಾಗಿ 137.5ರತ್ತ ಸರಿಯಿತು. ಹೊಸದಾಗಿ ಬಂದದ್ದು ಹಳೆಯವುಗಳಿಂದ ಆದಷ್ಟು ದೂರ ನಿಲ್ಲುತ್ತದೆ ಎಂಬ ಒಂದೇ ನಿಯಮ ಸಾಕಾಯಿತು. ಚಿಪ್ಪು ಮತ್ತು ಸೂರ್ಯಕಾಂತಿ ಚಿತ್ರದಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಂದರಲ್ಲಿ ಆ ಸಂಖ್ಯೆಯನ್ನು ಹುಟ್ಟಿಸುವ ಕ್ರಿಯೆ ಇದೆ, ಇನ್ನೊಂದರಲ್ಲಿ ಇಲ್ಲ.

ಈ 34, 55, 89ರ ಸಾಲು ಕಾವ್ಯದ ಮನೆಯಲ್ಲೂ ಹುಟ್ಟಿದೆ, ಅದೂ ಬರೀ ಹೋಲಿಕೆಯಿಂದಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ? ಬರೆದು ನೋಡಿ: ಲಲಲಲ, ಗುಲಲ, ಲಗುಲ, ಲಲಗು, ಗುಗು. ಐದು. ಮೂರು ಮಾತ್ರೆಗೆ ಮೂರು ಬಗೆ, ಐದು ಮಾತ್ರೆಗೆ ಎಂಟು. ಎಣಿಕೆಯ ಗುಟ್ಟು ಕೊನೆಯ ಅಕ್ಷರದಲ್ಲಿದೆ. ಐದು ಮಾತ್ರೆಯ ಗಣ ಲಘುವಿನಲ್ಲಿ ಮುಗಿದರೆ ಅದರ ಹಿಂದೆ ಉಳಿದದ್ದು ನಾಲ್ಕು ಮಾತ್ರೆ, ಅದಕ್ಕೆ ಐದು ಬಗೆ. ಗುರುವಿನಲ್ಲಿ ಮುಗಿದರೆ ಉಳಿದದ್ದು ಮೂರು ಮಾತ್ರೆ, ಅದಕ್ಕೆ ಮೂರು ಬಗೆ. ಐದಕ್ಕೆ ಮೂರು ಕೂಡಿಸಿ ಎಂಟು. ಹೀಗೆ ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಪ್ರಾಕೃತ ಛಂದಸ್ಸಿನ ಪಂಡಿತ ವಿರಹಾಂಕನಲ್ಲಿ ಈ ನಿಯಮವಿದೆ, ಸುಮಾರು 1150ರಲ್ಲಿ ಹೇಮಚಂದ್ರನೂ ಅದನ್ನು ಹೇಳುತ್ತಾನೆ. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕದ ಮೂಲಕ ಅದನ್ನು ಬರೆದದ್ದು 1202ರಲ್ಲಿ. ಇಲ್ಲಿ ಗಣಿತ ಕಾವ್ಯದ ಅಲಂಕಾರವಲ್ಲ. ಯಾವ ವೃತ್ತವೂ ಬಿಟ್ಟುಹೋಗಬಾರದು ಎಂಬ ಛಂದಸ್ಸಿನ ಒಳಗಿನ ಅಗತ್ಯವೇ ಗಣಿತವನ್ನು ಹುಟ್ಟಿಸಿತು.

ಸಂಗೀತದಲ್ಲಿ ಸಮನ್ವಯ ಇನ್ನೂ ಕಠಿಣವಾದ ಪಾಠ ಕೊಡುತ್ತದೆ, ಏಕೆಂದರೆ ಅಲ್ಲಿ ಶಿಸ್ತುಗಳು ಸೇರುವುದೇ ಇಲ್ಲ ಎಂದು ಸಾಬೀತಾಗುತ್ತದೆ. ಷಡ್ಜದಿಂದ ಪಂಚಮಕ್ಕೆ ಕಂಪನದ ಅನುಪಾತ 3:2, ಷಡ್ಜದಿಂದ ಮೇಲಿನ ಷಡ್ಜಕ್ಕೆ 2:1. ಪಂಚಮದ ಪಂಚಮ, ಅದರ ಪಂಚಮ ಎಂದು ಹನ್ನೆರಡು ಸಲ ಹತ್ತಿದರೆ ಏಳು ಸ್ಥಾಯಿ ಮೇಲಿನ ಷಡ್ಜಕ್ಕೆ ಬಂದು ನಿಲ್ಲಬೇಕು. ಲೆಕ್ಕ ಮಾಡಿ: ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದರೆ 129.75. ಎರಡನ್ನು ಏಳು ಸಲ ಗುಣಿಸಿದರೆ 128. ಸ್ಥಾಯಿಯನ್ನು 1,200 ಸೆಂಟ್ ಎಂದು ಹಂಚಿದರೆ ಈ ಹೆಚ್ಚುವರಿ 23.46 ಸೆಂಟ್, ಪಳಗಿದ ಕಿವಿಗಷ್ಟೇ ಅಲ್ಲ, ಸಾಮಾನ್ಯ ಕಿವಿಗೂ ಕೇಳುವ ಅಪಸ್ವರ. ಮೂರರ ಯಾವ ಘಾತವೂ ಎರಡರ ಘಾತಕ್ಕೆ ಸಮನಾಗದು, ಆದ್ದರಿಂದ ಎಷ್ಟು ಹತ್ತಿದರೂ ವೃತ್ತ ಮುಚ್ಚುವುದಿಲ್ಲ.

ಅಂದ ಮೇಲೆ ಪ್ರಶ್ನೆ, ಈ ತಪ್ಪನ್ನು ಎಲ್ಲಿಡಬೇಕು? ಒಂದು ದಾರಿ, ಒಂದೇ ಜಾಗದಲ್ಲಿ ಒಟ್ಟುಮಾಡಿ ಆ ಜಾಗವನ್ನು ನುಡಿಸದಿರುವುದು. ಇನ್ನೊಂದು ದಾರಿ, ಹನ್ನೆರಡಕ್ಕೂ ಸಮನಾಗಿ ಹಂಚುವುದು. ಪ್ರತಿ ಮೆಟ್ಟಿಲು ಎರಡರ ಹನ್ನೆರಡನೆಯ ಮೂಲ, 1.05946. ಚೀನಾದ ಝು ಝೈಯು ಇದನ್ನು 1584ರಲ್ಲಿ ಲೆಕ್ಕ ಹಾಕಿದ್ದ. ಹಾಗೆ ಹಂಚಿದಾಗ ಪಂಚಮ 2 ಸೆಂಟ್ ಮಾತ್ರ ಇಳಿಯುತ್ತದೆ, ಯಾರಿಗೂ ತೊಂದರೆಯಿಲ್ಲ. ಆದರೆ ಅಂತರ ಗಾಂಧಾರ, 386ರಲ್ಲಿ ನಿಲ್ಲಬೇಕಾದದ್ದು, 400ಕ್ಕೆ ಏರಿ ಕೂರುತ್ತದೆ. ತಂಬೂರಿಯ ಜೊತೆ ಹಾಡುವವರಿಗೆ ಹಾರ್ಮೋನಿಯಂನ ಗಾಂಧಾರ ಚುಚ್ಚುವುದಕ್ಕೆ ಕಾರಣ ಈ 14 ಸೆಂಟ್. ಯಾವ ಶ್ರುತಿಯಿಂದ ಯಾವ ಶ್ರುತಿಗೆ ಬೇಕಾದರೂ ಹಾರುವ ಸ್ವಾತಂತ್ರ್ಯ ಬೇಕಾದ ಸಂಗೀತ ಆ ಬೆಲೆ ತೆತ್ತಿತು. ಒಂದೇ ಆಧಾರ ಶ್ರುತಿಯಲ್ಲಿ ನೆಲೆ ನಿಲ್ಲುವ ಸಂಗೀತಕ್ಕೆ ತೆರಬೇಕಾದ ಅಗತ್ಯವೇ ಇರಲಿಲ್ಲ. ಭೌತವಿಜ್ಞಾನ ತಪ್ಪಿನ ಮೊತ್ತ ಎಷ್ಟು ಎಂದು ಹೇಳಿತು. ಶುದ್ಧಿ ಎಂದರೇನು, ಯಾವುದಕ್ಕಾಗಿ ಯಾವುದನ್ನು ಬಿಡಬಹುದು ಎಂಬುದು ಮೌಲ್ಯದ ವಿಚಾರ. ತೀರ್ಪು ಕೊಟ್ಟದ್ದು ಕಿವಿ.

ಸಿದ್ಧಾಂತಕ್ಕಿಂತ ಮೊದಲೇ ಕೈ ಉತ್ತರ ಕಂಡುಕೊಂಡ ಉದಾಹರಣೆಯೂ ಸಂಗೀತದಲ್ಲೇ ಇದೆ. ಎಳೆದು ಕಟ್ಟಿದ ಸಾದಾ ಚರ್ಮದ ಮೇಲ್ಸ್ವರಗಳು ಮೂಲ ಸ್ವರದ 1.59, 2.14, 2.30 ಪಟ್ಟು ಹೀಗೆ ಅಡ್ಡಾದಿಡ್ಡಿ ಇರುತ್ತವೆ, ಆದ್ದರಿಂದ ಸಾದಾ ಚರ್ಮವಾದ್ಯಕ್ಕೆ ಸ್ಪಷ್ಟ ಸ್ವರವಿಲ್ಲ. ಮೃದಂಗ, ತಬಲಾಗಳಿಗಿದೆ. 1920ರಲ್ಲಿ ಸಹೋದ್ಯೋಗಿಯೊಂದಿಗೆ, ಮತ್ತೆ 1934ರಲ್ಲಿ ವಿಸ್ತಾರವಾಗಿ, ಸಿ.ವಿ. ರಾಮನ್ ಅದರ ಕಾರಣ ಬಿಡಿಸಿಟ್ಟರು. ನಡುವಿನ ಕಪ್ಪು ಕರಣೆಯ ಭಾರ ಕಂಪನಗಳನ್ನು ಸರಿಹೊಂದಿಸಿ, ಮೊದಲ ಒಂಬತ್ತು ಬಗೆಯ ಕಂಪನಗಳು ಐದು ಹಾರ್ಮೋನಿಕ್ ಸ್ವರಗಳಾಗಿ ಗುಂಪುಗೂಡುವಂತೆ ಮಾಡುತ್ತದೆ. ಕರಣೆಯನ್ನು ಪದರದ ಮೇಲೆ ಪದರ ಹಾಕಿ, ಕಲ್ಲಿನಿಂದ ತಿಕ್ಕಿ, ಬಡಿದು ಕೇಳಿ, ಮತ್ತೆ ಹಾಕುವ ಕುಶಲಕರ್ಮಿಯ ಕೈಗೆ ಇದು ಸಮೀಕರಣವಿಲ್ಲದೆ ಗೊತ್ತಿತ್ತು. ಇದನ್ನು ಹೇಳುವಾಗ ಒಂದು ಎಚ್ಚರ ಬೇಕು. ಕುಶಲಕರ್ಮಿಗೆ ಅಲೆಗಳ ಗಣಿತ ತಿಳಿದಿತ್ತು ಎನ್ನುವುದು ಸುಳ್ಳು ಹೊಗಳಿಕೆ. ಅವನಲ್ಲಿದ್ದದ್ದು ಬೇರೆಯೇ ಬಗೆಯ ಖಚಿತ ಜ್ಞಾನ, ಅದಕ್ಕೆ ಅದರದೇ ಪರೀಕ್ಷೆ ಇತ್ತು.

ಬಣ್ಣಕ್ಕೆ ಮತ್ತೆ ಬರೋಣ. 1824ರಲ್ಲಿ ರಸಾಯನವಿಜ್ಞಾನಿ ಶೆವ್ರಲ್ ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗದ ಮುಖ್ಯಸ್ಥನಾದ. ಕಪ್ಪು ನೂಲು ಕಳೆಗುಂದಿದೆ ಎಂಬ ದೂರು ಬಂತು. ಬೇರೆ ಊರುಗಳ ಕಪ್ಪು ನೂಲುಗಳೊಂದಿಗೆ ಹೋಲಿಸಿ ನೋಡಿದ, ಬಣ್ಣದಲ್ಲಿ ದೋಷವಿರಲಿಲ್ಲ. ದೋಷ ಪಕ್ಕದಲ್ಲಿತ್ತು: ನೀಲಿ, ನೇರಳೆ ನೂಲುಗಳ ಮಗ್ಗುಲಲ್ಲಿ ನೇಯ್ದಾಗ ಕಪ್ಪು ತನ್ನ ಕಸುವು ಕಳೆದುಕೊಳ್ಳುತ್ತಿತ್ತು. ರಾಸಾಯನಿಕ ದೂರಿಗೆ ಉತ್ತರ ಕಣ್ಣಿನಲ್ಲಿತ್ತು. ಹಾಗಾದರೆ ಆ ನೂಲಿನ ನಿಜವಾದ ಬಣ್ಣ ಯಾವುದು? ಪಾತ್ರೆಯಿಂದ ತೆಗೆದಾಗಿನದೋ, ನೇಯ್ದಾಗ ಕಂಡದ್ದೋ? ಈ ಪ್ರಶ್ನೆಯನ್ನು ಅವನು ಹದಿನೈದು ವರ್ಷ ಬೆನ್ನಟ್ಟಿ 1839ರಲ್ಲಿ ಏಕಕಾಲದ ವೈದೃಶ್ಯದ ನಿಯಮ ಎಂದು ಪ್ರಕಟಿಸಿದ.

ಚಿತ್ರಕಾರ ಸ್ಯೂರಾ ಇದನ್ನು ಓದಿ, ಬಣ್ಣಗಳನ್ನು ತಟ್ಟೆಯಲ್ಲಿ ಕಲಸದೆ ಚುಕ್ಕಿಗಳಾಗಿ ಇಟ್ಟು ನೋಡುವವನ ಕಣ್ಣಿನಲ್ಲೇ ಬೆರೆಸಲು ಹೊರಟ. ಲಾ ಗ್ರಾಂದ್ ಜಾತ್ ದ್ವೀಪದ ಭಾನುವಾರವನ್ನು ಚಿತ್ರಿಸಿದ, ಎರಡು ಮೀಟರ್ ಎತ್ತರ ಮೂರು ಮೀಟರ್ ಅಗಲದ ಆ ಚಿತ್ರ 1886ರಲ್ಲಿ ಪ್ರದರ್ಶನಗೊಂಡಿತು. ಸಿದ್ಧಾಂತ ಕೈಕೊಟ್ಟದ್ದು ಎರಡು ಕಡೆ. ಕಣ್ಣು ಬೇರ್ಪಡಿಸಿ ನೋಡಬಲ್ಲ ಕೋನ ಸುಮಾರು ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು. ಅದರ ಪ್ರಕಾರ ಮೂರು ಮಿಲಿಮೀಟರ್ ಚುಕ್ಕಿಗಳು ಪೂರ್ತಿ ಬೆರೆಯಬೇಕಾದರೆ ಹತ್ತು ಮೀಟರ್ ದೂರ ನಿಲ್ಲಬೇಕು. ಅಷ್ಟು ದೂರದಿಂದ ಬೆರೆತರೂ ಚುಕ್ಕಿಗಳ ಹೊಳಪು ಕೂಡುವುದಿಲ್ಲ, ಸರಾಸರಿಯಾಗುತ್ತದೆ. ಹಳದಿ, ನೀಲಿ ಚುಕ್ಕಿಗಳಿಂದ ಮಿರುಗುವ ಹಸಿರಿನ ಬದಲು ಬೂದು ಬರುತ್ತದೆ. ಜನ ಹತ್ತಿರ ನಿಂತು ನೋಡಿ ಬೆರಗಾಗುವುದು ಬೆರೆಯದೆ ಉಳಿದ ಚುಕ್ಕಿಗಳ ನಡುಕಕ್ಕೆ. ಇನ್ನೊಂದು ಪೆಟ್ಟು ರಸಾಯನದ್ದು: ಅವನು ಬಳಸಿದ ಸತುವಿನ ಹಳದಿ ಕೆಲವೇ ವರ್ಷಗಳಲ್ಲಿ ಕಂದಿಹೋಯಿತು. ಬೆಳಕಿನ ನಿಯಮ ಕೇಳಿದ ಕಲಾವಿದ ವರ್ಣದ್ರವ್ಯದ ನಿಯಮವನ್ನು ಕೇಳಿರಲಿಲ್ಲ. ಚಿತ್ರ ದೊಡ್ಡದೇ. ಆದರೆ ಅದರ ದೊಡ್ಡತನಕ್ಕೆ ಆ ಸಿದ್ಧಾಂತವನ್ನು ಸಾಕ್ಷಿಯಾಗಿ ಕರೆಯಲಾಗದು.

ನೋಡುವುದರಿಂದಲೇ ಬಗೆಹರಿಯದ ಸಂಗತಿಗಳೂ ಇರುತ್ತವೆ. 1873ರಲ್ಲಿ ಇಟಲಿಯ ವಿಜ್ಞಾನಿ ಗೋಲ್ಜಿ ಕಂಡುಹಿಡಿದ ಬೆಳ್ಳಿಯ ಲವಣದ ವಿಧಾನ ನರಕೋಶಗಳಲ್ಲಿ ಕೆಲವನ್ನು ಮಾತ್ರ ಕಪ್ಪಾಗಿಸುತ್ತದೆ, ಅದರಿಂದಲೇ ಆ ಕೆಲವು ಕೊನೆಯ ಕೊಂಬೆಯವರೆಗೆ ಸ್ಪಷ್ಟವಾಗಿ ಕಾಣುತ್ತವೆ. ಗೋಲ್ಜಿ ಅದರಲ್ಲಿ ಒಂದಕ್ಕೊಂದು ಬೆಸೆದ ಬಲೆಯನ್ನು ಕಂಡ. ಅದೇ ವಿಧಾನ ಬಳಸಿದ ಸ್ಪೇನಿನ ಕಹಾಲ್ ಬಿಡಿಬಿಡಿ ಕೋಶಗಳನ್ನು ಕಂಡು, ಹಲವು ತುಣುಕುಗಳನ್ನು ನೋಡಿ ಒಂದೇ ಚಿತ್ರವಾಗಿ ಬರೆದ. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು, ಗೋಲ್ಜಿ ಆ ವೇದಿಕೆಯ ಮೇಲೂ ಕಹಾಲ್‌ನ ಮತವನ್ನು ಖಂಡಿಸಿದ. ಕೋಶಗಳ ನಡುವಿನ ಸಂದು ಸುಮಾರು 20 ನ್ಯಾನೋಮೀಟರ್. ಬೆಳಕಿನ ಸೂಕ್ಷ್ಮದರ್ಶಕ ಬೇರ್ಪಡಿಸಬಲ್ಲದ್ದು ಸುಮಾರು 200. ಅಂದರೆ ಜಗಳದ ವಸ್ತು ಇಬ್ಬರ ಕಣ್ಣಿಗೂ ಬೀಳುವಂತಿರಲಿಲ್ಲ. ಕಹಾಲ್ ಗೆದ್ದದ್ದು ಎಲ್ಲಿ ನೋಡಬೇಕು ಎಂಬ ಆಯ್ಕೆಯಿಂದ. ನರತಂತುಗಳಿಗೆ ಕೊಬ್ಬಿನ ಹೊದಿಕೆ ಬೆಳೆಯುವ ಮೊದಲಿನ ಭ್ರೂಣ, ಮರಿಗಳ ಅಂಗಾಂಶ ತೆಗೆದುಕೊಂಡ. ಅಲ್ಲಿ ಕೊಂಬೆಗಳ ಮುಕ್ತ ತುದಿಗಳು ಕಾಣುತ್ತಿದ್ದವು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆ ಸಂದನ್ನು ತೋರಿಸಿತು.

ಇವನ್ನೆಲ್ಲ ಮುಂದಿಟ್ಟುಕೊಂಡು ಇಂದಿನ ಯೋಜನೆಗಳನ್ನು ನೋಡಿದರೆ ಅವು ಸೋಲುವ ಬಗೆ ಬಹುಪಾಲು ಮೂರೇ. ಕಲಾವಿದರನ್ನು ಕೊನೆಯಲ್ಲಿ ಕರೆದು ಸಿದ್ಧವಾದ ಫಲಿತಾಂಶಕ್ಕೆ ಅಂದ ಕೊಡಿ ಎನ್ನುವುದು. ವಿಜ್ಞಾನಿಯನ್ನು ಒಂದು ಗಂಟೆಯ ಸಲಹೆಗೆ ಕರೆದು ಅವರ ಪದಗಳನ್ನಷ್ಟೇ ಎತ್ತಿಕೊಳ್ಳುವುದು. ತತ್ತ್ವಶಾಸ್ತ್ರದವರಿಗೆ ಮುನ್ನುಡಿ ಬರೆಯಲು ಕೊಡುವುದು. ಮೂರರಲ್ಲೂ ಯಾರಿಗೂ ತಡೆಯುವ ಹಕ್ಕಿಲ್ಲ, ತಡೆಯಬಹುದಾದ ಹೊತ್ತು ಆಗಲೇ ಮೀರಿರುತ್ತದೆ.

ಸರಿಯಾಗಿ ಮಾಡಿದರೂ ಕೆಲಸ ಸಲೀಸಲ್ಲ. 1966ರ ಅಕ್ಟೋಬರ್ 13ರಿಂದ 23ರವರೆಗೆ ನ್ಯೂಯಾರ್ಕಿನ ಸೇನಾ ಸಭಾಂಗಣವೊಂದರಲ್ಲಿ ಹತ್ತು ಕಲಾವಿದರು, ದೂರವಾಣಿ ಕಂಪನಿಯ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಸುಮಾರು ಮೂವತ್ತು ಎಂಜಿನಿಯರುಗಳು ಸೇರಿ ಒಂಬತ್ತು ಸಂಜೆಗಳ ಪ್ರದರ್ಶನ ಕೊಟ್ಟರು. ಮುಂದೆ ನಿಂತವರು ಎಂಜಿನಿಯರ್ ಬಿಲ್ಲಿ ಕ್ಲೂವರ್ ಮತ್ತು ಕಲಾವಿದ ರಾಬರ್ಟ್ ರೌಶೆನ್‌ಬರ್ಗ್. ಟೆನಿಸ್ ರ‍್ಯಾಕೆಟ್ಟಿನ ಹಿಡಿಯೊಳಗೆ ಮೈಕ್, ಪ್ರೇಷಕ ಇಟ್ಟಿದ್ದರು. ಪ್ರತಿ ಹೊಡೆತ ಸಭಾಂಗಣದಲ್ಲಿ ಮೊಳಗುತ್ತಿತ್ತು, ಪ್ರತಿ ಹೊಡೆತಕ್ಕೂ ಒಂದು ದೀಪ ಆರುತ್ತಿತ್ತು, ಪೂರ್ತಿ ಕತ್ತಲಾಗುವವರೆಗೆ. ಉಪಕರಣಗಳು ಕೈಕೊಟ್ಟವು, ಪ್ರದರ್ಶನ ತಡವಾಯಿತು, ವಿಮರ್ಶಕರು ಬೈದರು. ಆದರೂ ಅಲ್ಲಿ ಎಂಜಿನಿಯರ್ ಬಾಡಿಗೆಯ ಕೈಯಾಗಿರಲಿಲ್ಲ, ಇದು ಆಗದು ಎಂದು ಹೇಳಿ ಕೃತಿಯ ರೂಪವನ್ನೇ ತಿರುಗಿಸಬಲ್ಲವನಾಗಿದ್ದ. ಆ ಬಗೆಯ ಒಡನಾಟ ಮುಂದುವರಿಯಲೆಂದೇ ಅದೇ ಗುಂಪಿನಿಂದ ಒಂದು ಸಂಸ್ಥೆ ಹುಟ್ಟಿತು.

ಒಬ್ಬ ಕಲಾವಿದ, ಒಬ್ಬ ವಿಜ್ಞಾನಿ, ಒಬ್ಬ ತತ್ತ್ವಶಾಸ್ತ್ರಜ್ಞ ಕೂಡಿ ಮಾಡುವ ಆರು ತಿಂಗಳ ಯೋಜನೆ ಇದೆ ಎಂದುಕೊಳ್ಳಿ. ವಿಷಯದ ಬದಲು ವಸ್ತು ಆರಿಸಿಕೊಳ್ಳುವುದು ಮೊದಲ ಕೆಲಸ. ‘ಕಾಲ’ ಎಂದರೆ ಯಾರೂ ಯಾರನ್ನೂ ತಡೆಯಲಾರರು, ‘ಲೋಲಕದ ಗಡಿಯಾರ’ ಎಂದರೆ ತಡೆಯಬಲ್ಲರು. ಮೊದಲ ಆರು ವಾರ ಹೊಸದೇನನ್ನೂ ಮಾಡಬೇಡಿ. ಇಪ್ಪತ್ತು ಪದಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಮೂವರೂ ತಮ್ಮ ಮನೆಯ ಅರ್ಥವನ್ನು ಬರೆಯಲಿ. ಎಲ್ಲಿ ಅರ್ಥಗಳು ಡಿಕ್ಕಿ ಹೊಡೆಯುತ್ತವೋ ಅಲ್ಲೇ ಕೆಲಸ ಶುರು. ಅದೇ ಹೊತ್ತಿನಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೈಯಾರೆ ಮಾಡಬೇಕು, ನೋಡಿದರೆ ಸಾಲದು. ಭೌತವಿಜ್ಞಾನಿ ಗೋಳಕ್ಕೆ ನೆರಳು ಹಾಕಲಿ, ಚಿತ್ರಕಾರ ಅದೇ ಅಳತೆಯನ್ನು ಇಪ್ಪತ್ತು ಸಲ ತೆಗೆದು ಏರುಪೇರನ್ನು ಲೆಕ್ಕ ಹಾಕಲಿ, ತತ್ತ್ವಶಾಸ್ತ್ರದವರು ಒಂದು ಪ್ರಯೋಗದ ವಿಧಾನವನ್ನು ಇನ್ನೊಬ್ಬರು ಹಾಗೆಯೇ ಮಾಡುವಷ್ಟು ಖಚಿತವಾಗಿ ಬರೆಯಲಿ. ಏಳನೆಯ ವಾರದಲ್ಲಿ ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ, ಏನು ಕಂಡುಬಂದರೆ ನನ್ನ ಮಾತು ಬಿಡುತ್ತೇನೆ ಎಂದು ಬರೆದು ಮುಚ್ಚಿಡಬೇಕು. ಬರೆಯಲಾಗದಿದ್ದರೆ ವಸ್ತುವಿನ ಆಯ್ಕೆ ಸರಿಯಾಗಿಲ್ಲ, ಹಿಂದಕ್ಕೆ ಹೋಗಿ. ಹಣದ ವಿಷಯದಲ್ಲಿ, ಮೂವರ ಕಾಲಕ್ಕೂ ಒಂದೇ ದರ ಇಡಬೇಕು. ಯಾರ ಕಾಲ ಅಗ್ಗವೋ ಅವರ ಆಕ್ಷೇಪವನ್ನೂ ಅಗ್ಗವಾಗಿ ಕೇಳುತ್ತಾರೆ.

ಕೊನೆಗೆ ಒಟ್ಟು ವರದಿಯ ಜೊತೆ ಬಿಡಿ ಪುಟಗಳನ್ನೂ ಕೇಳಿ: ಈ ಕೆಲಸದಿಂದ ನಿಮ್ಮದೇ ವಿದ್ಯೆಯೊಳಗೆ ಬದಲಾದದ್ದು ಯಾವುದು, ನಿಮ್ಮ ಸಹೋದ್ಯೋಗಿಗಳು ಒಪ್ಪುವ ಭಾಷೆಯಲ್ಲಿ, ಒಂದು ಪುಟ. ಮೂರು ಪುಟಗಳೂ ಒಂದೇ ಮಾತು ಹೇಳಿದರೆ ಯಾರೋ ಒಬ್ಬರು ಉಳಿದಿಬ್ಬರಿಗೆ ಬರೆದುಕೊಟ್ಟಿದ್ದಾರೆ. ಒಂದು ಪುಟ ಖಾಲಿ ಬಂದರೆ, ಮುಂದಿನ ಸಲ ಮೊದಲ ವಾರದಿಂದ ಯಾರನ್ನು ಕೂರಿಸಿಕೊಳ್ಳಬೇಕು ಎಂಬುದು ಆ ಖಾಲಿ ಪುಟದಲ್ಲಿದೆ.